‘ಖರೇ ಇದ್ದದ್ದು ಬರದ್ರೂ ತಪ್ಪೇನ್ರೀ?’

ಸಿಂದಗಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಪಾಠ ವೀಕ್ಷಿಸುತ್ತಿದ್ದೆ. ಒಂಬತ್ತನೇ ತರಗತಿ, ಮೂಲಭೂತ ಹಕ್ಕುಗಳು. ಪ್ರಶಿಕ್ಷಣಾರ್ಥಿ 19ನೇ ವಿಧಿಯನ್ನು ಚೆನ್ನಾಗಿಯೇ ವಿವರಿಸಿ, ಕೊನೆಗೆ ‘ಮೊಬೈಲ್‌ನಲ್ಲಿ ಯಾರ ಬಗ್ಗೆಯೂ ಕೆಟ್ಟದ್ದು ಬರೆಯಬಾರದು, ಜೈಲಾಗುತ್ತದೆ’ ಎಂದರು. ಹಿಂದಿನ ಬೆಂಚಿನ ಹುಡುಗ ಎದ್ದ. ‘ಸರ, ಹಾಸ್ಟೆಲ್‌ದಾಗ ಊಟ ಸರಿ ಇಲ್ಲಂತ ಸ್ಟೇಟಸ್ ಹಾಕೀನ್ರಿ. ಖರೇ ಇದ್ದದ್ದು ಬರದ್ರೂ ತಪ್ಪೇನ್ರೀ?’

‘ಸುಮ್ನ ಕೂಡು’ ಎಂಬುದೇ ಉತ್ತರ. ವೀಕ್ಷಣಾ ಪುಸ್ತಕದಲ್ಲಿ ‘ತರಗತಿ ನಿರ್ವಹಣೆ ಉತ್ತಮ’ ಎಂದು ನಾನೂ ಬರೆದೆ. ಆ ಷರಾ ತಪ್ಪಾಗಿತ್ತು.

ಹೆದರಿಸುವ ಪಾಠ ಅರ್ಧ ಸತ್ಯ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ ಬರಹಕ್ಕಾಗಿ ಇಬ್ಬರು ಯುವತಿಯರನ್ನು ಬಂಧಿಸಿದ್ದರು. ಆ ಬಳಿಕ ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಹೂಡಿದ ಮೊಕದ್ದಮೆಯಲ್ಲಿ, 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೇ ರದ್ದುಪಡಿಸಿತು. ಆದರೆ ಮಾನಹಾನಿ ಅಪರಾಧವೆಂಬುದನ್ನು ಅದೇ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ.

ಹುಡುಗನ ಪ್ರಶ್ನೆಗೆ ಉತ್ತರ ಆ ಕಲಮಿನ ಅಪವಾದಗಳಲ್ಲೇ ಇದೆ. ಕರಿಹಲಗೆಯ ಮೇಲೆ ಮೂರು ವಾಕ್ಯ ಬರೆಯೋಣ. ‘ಸಾರು ನೀರಿನಂತಿದೆ’ ಎಂಬುದು ಉಂಡವನ ಅಭಿಪ್ರಾಯ. ‘ವಾರ್ಡನ್ ಅಕ್ಕಿ ಮಾರಿಕೊಂಡರು’ ಎಂಬುದು ಆರೋಪ. ನಿಜವೆಂದು ತೋರಿಸಬೇಕು, ಹೇಳುವುದರಲ್ಲಿ ಸಾರ್ವಜನಿಕ ಹಿತವೂ ಇರಬೇಕು. ಅದನ್ನೇ ಸದ್ಭಾವನೆಯಿಂದ ತಾಲ್ಲೂಕಿನ ಅಧಿಕಾರಿಗೆ ದೂರಾಗಿ ಕೊಟ್ಟರೆ ಕಾನೂನು ರಕ್ಷಿಸುತ್ತದೆ. ‘ಆ ಹುಡುಗಿ ಅವನ ಜೋಡಿ ಅಡ್ಡಾಡ್ತಾಳ’ ಎಂಬ ಮೂರನೆಯ ವಾಕ್ಯದಲ್ಲಿ ಯಾರ ಹಿತವಿದೆ? ಖರೇ ಇದ್ದರೂ ಅದು ಸಮರ್ಥನೆಯಾಗದು. ಫಾರ್ವರ್ಡ್ ಮಾಡಿದವನೂ ‘ನಾ ಬರೆದಿಲ್ಲ’ ಎಂದು ಜಾರಿಕೊಳ್ಳುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಒಂದು ಸಾಲಿಗೆ ಹುಡುಗಿಯ ಶಾಲೆ ಬಿಡಿಸುತ್ತಾರೆ. ಹೆಚ್ಚು ಹೊತ್ತು ಇಲ್ಲೇ ನಿಲ್ಲಬೇಕು.

ಬಸವನ ಬಾಗೇವಾಡಿಯ ಶಾಲೆಗಳಿಗೆ ಹೋದಾಗ ನಮ್ಮವರು ನುಡಿಯ ಬಗೆಗಿನ ಬಸವಣ್ಣನವರ ವಚನ ಬರೆಸಿ, ಮೃದುವಾಗಿ ಮಾತಾಡಿರಿ ಎಂದು ಪಾಠ ಮುಗಿಸುತ್ತಾರೆ. ಬಸವಣ್ಣನವರು ಡಾಂಭಿಕ ಭಕ್ತಿಯ ಮೇಲೆ ಆಡಿದ ಮಾತು ಮೃದುವಾಗಿತ್ತೇ?

ಇಂಡಿ, ಮುದ್ದೇಬಿಹಾಳಕ್ಕೆ ಹೋಗುವ ತಂಡಗಳು ಪಾಠ ಯೋಜನೆಯಲ್ಲಿ ಹತ್ತು ನಿಮಿಷವನ್ನು ಮಕ್ಕಳ ಪ್ರಶ್ನೆಗೇ ಬಿಡಲಿ. ವೀಕ್ಷಕರಾದ ನಾವು ಅಂಕ ಕೊಡುವಾಗ, ಎದ್ದು ನಿಂತ ಹುಡುಗನಿಗೆ ಉತ್ತರ ಸಿಕ್ಕಿತೇ ಎಂದು ಮೊದಲು ನೋಡೋಣ.