ಹಳೇ ಬ್ಯಾಟರಿಗೆ ತೋಟದಲ್ಲಿ ಯಾವ ಕೆಲಸ?

‘ಗುಜರಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಹಳೇ ಬ್ಯಾಟರಿ ಸಿಗುತ್ತದೆ, ತಂದು ಕಳೆ ಹೊಡೆಯುವ ಮಷಿನ್ನಿಗೆ ಕಟ್ಟಿದರೆ ಪೆಟ್ರೋಲ್ ಖರ್ಚೇ ಇಲ್ಲ’ ಎನ್ನುವವರು ಈಗ ಅಡಿಕೆ ತೋಟದ ಕಡೆ ಸಿಗುತ್ತಾರೆ. ಆಸೆ ಸರಿ, ಜೋಡಿ ತಪ್ಪು. ಗಾಡಿ ಎಳೆದು ದಣಿದ ಲಿಥಿಯಂ ಬ್ಯಾಟರಿ ತೋಟಕ್ಕೆ ಬರಲೇಬೇಕು. ಆದರೆ ಅದಕ್ಕೆ ತಕ್ಕ ಕೆಲಸ ಕಳೆ ಮಷಿನ್ನಿನದಲ್ಲ, ಬೆನ್ನಿಗೆ ಹಾಕುವ ಸ್ಪ್ರೇಯರಿನದು.

ಹಳೇ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂದಷ್ಟೇ ಎಲ್ಲರೂ ಕೇಳುತ್ತಾರೆ. ಸಾಮರ್ಥ್ಯ ಶೇ. 70–80ಕ್ಕೆ ಇಳಿದಾಗ ಗಾಡಿಗೆ ಅದು ಸಾಲದಾಗುತ್ತದೆ. ಅದರ ಜೊತೆಗೇ ಸೆಲ್ಲಿನ ಒಳಪ್ರತಿರೋಧವೂ ಏರಿರುತ್ತದೆ. ಅಪಾಯ ಇರುವುದು ಅಲ್ಲಿ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಒಂದು ಕಿಲೋವ್ಯಾಟಿನ ಕಳೆ ಮಷಿನ್ 48 ವೋಲ್ಟಿನಲ್ಲಿ 20 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ, ಬ್ಲೇಡು ದಪ್ಪ ಹುಲ್ಲಿನಲ್ಲಿ ಸಿಕ್ಕಿಕೊಂಡರೆ ಇನ್ನೂ ಜಾಸ್ತಿ. ಆ ಹೊತ್ತಿಗೆ ಮೊದಲು ಕಾಯುವುದು ಪ್ಯಾಕಿನ ಅತಿ ದುರ್ಬಲ ಸೆಲ್. ಅದು ಇರುವುದು ಕೆಲಸ ಮಾಡುವವನ ಬೆನ್ನ ಮೇಲೆ.

ಸ್ಪ್ರೇಯರಿನ ಲೆಕ್ಕವೇ ಬೇರೆ. ಒಂಟಿ ಮೋಟರಿನ 12 ವೋಲ್ಟ್ ಪಂಪು ನಾಲ್ಕೈದು ಆಂಪಿಯರ್ ದಾಟುವುದು ಅಪರೂಪ. ಅದರಲ್ಲಿ ಸಾಮಾನ್ಯವಾಗಿ ಇರುವುದು 8 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ, ತೂಕ ಸುಮಾರು ಎರಡೂವರೆ ಕೆಜಿ. ಅದರ ಜಾಗಕ್ಕೆ 6 ಆಂಪಿಯರ್-ಅವರ್‌ನ ಎಂಟು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಹಾಕಿ, ನಾಲ್ಕು ಸರಣಿ, ಎರಡು ಸಮಾನಾಂತರ. ಒಂದೊಂದು ಸೆಲ್ 3.2 ವೋಲ್ಟ್, ಒಟ್ಟು 12.8. ಶೇ. 70ಕ್ಕೆ ಇಳಿದ ಸೆಲ್ಲುಗಳೇ ಆದರೂ ಎಂಟು ಆಂಪಿಯರ್-ಅವರ್ ಸಿಗುತ್ತದೆ, ತೂಕ ಅರ್ಧಕ್ಕೆ ಇಳಿಯುತ್ತದೆ. ಬಿಎಂಎಸ್ (ಸೆಲ್ಲುಗಳ ಮೇಲೆ ಕಣ್ಣಿಡುವ ಸರ್ಕ್ಯೂಟು) ಮತ್ತು ತಕ್ಕ ಚಾರ್ಜರ್ ಮಾತ್ರ ಬಿಡುವ ಹಾಗಿಲ್ಲ. ಹದಿನಾರು ಲೀಟರ್ ಔಷಧಿ ಹೊತ್ತು ದಿಬ್ಬ ಹತ್ತುವವರಿಗೆ ಒಂದು ಕೆಜಿ ಕಡಿಮೆಯಾದರೂ ದೊಡ್ಡ ಉಪಕಾರ.

ಲಿಥಿಯಂ ಎಂದರೆ ಬಾಂಬು ಎನ್ನುವವರು ತಮ್ಮ ಜೇಬಿನ ಮೊಬೈಲ್ ನೋಡಿಕೊಳ್ಳಲಿ. ಹೊಸ ಸೆಲ್ಲುಗಳ ಬೆಲೆಯೇ ಇಳಿಯುತ್ತಿರುವಾಗ ಹಳೆಯದನ್ನು ಒಂದೊಂದಾಗಿ ಪರೀಕ್ಷಿಸುವ ಖರ್ಚು ಗಿಟ್ಟುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ತೂಕವಿದೆ. ಪ್ಯಾಕಿನ ಚರಿತ್ರೆ ಗೊತ್ತಿಲ್ಲದಿದ್ದರೆ ಗಿಟ್ಟುವುದು ಕಷ್ಟವೇ. ಆದರೆ ಎಷ್ಟು ಬಾರಿ ಚಾರ್ಜಾಯಿತು, ಎಷ್ಟು ಬಿಸಿಯಾಯಿತು ಎಂಬ ದಾಖಲೆ ಅನೇಕ ಸ್ಕೂಟರುಗಳ ಬಿಎಂಎಸ್‌ನಲ್ಲೇ ಇರುತ್ತದೆ. ದುಡ್ಡು ಕೊಟ್ಟು ಗಾಡಿ ಕೊಂಡವನಿಗೇ ಅದನ್ನು ತೋರಿಸದೆ ಬೀಗ ಹಾಕಿಡುವುದು ಅನ್ಯಾಯ. ಬೆಂಕಿ ಬಿದ್ದರೆ ಹೊಣೆ ತಮ್ಮ ತಲೆಗೆ ಬರುತ್ತದೆಂಬ ತಯಾರಕರ ಭಯ ಸುಳ್ಳಲ್ಲ. ಅದಕ್ಕೆ ದಾರಿ, ಸೆಲ್ ಪರೀಕ್ಷಿಸಿ ಪ್ಯಾಕ್ ಕಟ್ಟಿದವರೇ ಹೊಣೆ ಹೊರುವಂತೆ ಕಾನೂನು ಮಾಡುವುದು, ಮಾಹಿತಿ ಮುಚ್ಚಿಡುವುದಲ್ಲ.

ಯುರೋಪಿನ ಒಕ್ಕೂಟದಲ್ಲಿ 2027ರ ಫೆಬ್ರುವರಿ 18ರಿಂದ ವಿದ್ಯುತ್ ವಾಹನದ ಬ್ಯಾಟರಿಗೆ ಇಂಥ ದಾಖಲೆಯಿರುವ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ನಮ್ಮ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೇ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ದಾಖಲೆ ಬಿಟ್ಟುಕೊಡುವುದೂ ಆ ಹೊಣೆಯ ಭಾಗವಾಗಬೇಕು. ಸ್ಪ್ರೇಯರಿನ ಪ್ಯಾಕಿನ ಮೇಲೆ ಸೆಲ್ ತಯಾರಾದ ವರ್ಷ, ಮರುಪರೀಕ್ಷೆಯಲ್ಲಿ ಸಿಕ್ಕ ಸಾಮರ್ಥ್ಯ, ಎಳೆಯಬಹುದಾದ ಗರಿಷ್ಠ ಕರೆಂಟು, ಪರೀಕ್ಷಿಸಿದವರ ಹೆಸರು ಇಷ್ಟೂ ಕನ್ನಡದಲ್ಲಿ ಅಚ್ಚಾಗಿರಬೇಕು.