ಸಾಲಪತ್ರಗಳ ಚಾಂಚಲ್ಯ

ಸರಕಾರದ ಸಾಲಪತ್ರವೆಂದರೆ ಶಿಲಾಶಾಸನವೆಂಬ ನಂಬಿಕೆಯು ನಮ್ಮ ಜನರಲ್ಲಿ ಬಹುಕಾಲದಿಂದ ನೆಲೆಯೂರಿದೆ. ಅಸಲೂ ಬಡ್ಡಿಯೂ ವಾಯಿದೆಗೆ ಸರಿಯಾಗಿ ಕೈಸೇರುವುವೆಂಬ ಮಟ್ಟಿಗೆ ಈ ನಂಬಿಕೆಯು ಸಾಧುವಾದುದೇ. ಆದರೆ ವಾಯಿದೆಗೆ ಮುನ್ನ ಪತ್ರವನ್ನು ಮಾರಹೊರಟವನಿಗೆ ಪೇಟೆಯು ಕೊಡುವ ಬೆಲೆಯು ಒಂದೇ ತೆರನಾಗಿರುವುದಿಲ್ಲ. ಪೇಟೆಯು ಬಯಸುವ ಪ್ರತಿಫಲದ ದರವು ಏರಿದರೆ ಹಳೆಯ ಪತ್ರದ ಬೆಲೆಯು ಇಳಿಯುವುದು. ದರವು ಇಳಿದರೆ ಬೆಲೆಯು ಏರುವುದು. ಈ ಚಾಂಚಲ್ಯವನ್ನು ಅಳೆಯಲು ಬ್ಯಾಂಕುಗಳು ಗಣಿತದ ಮಾದರಿಗಳನ್ನು ಆಶ್ರಯಿಸಿವೆ. ಆ ಮಾದರಿಗಳನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

1982ರಲ್ಲಿ ರಾಬರ್ಟ್ ಎಂಗಲ್ ಎಂಬ ಪಂಡಿತರು ಈ ಮಾರ್ಗವನ್ನು ತೋರಿದರು. 1986ರಲ್ಲಿ ಟಿಮ್ ಬೊಲೆರ್ಸ್ಲೆವ್ ಅವರು ಅದನ್ನು ವಿಸ್ತರಿಸಿದ ಮಾದರಿಗೆ ಗಾರ್ಚ್ ಎಂದು ಹೆಸರು. ಇದರ ತತ್ತ್ವವು ಸರಳವಾದುದು. ಪೇಟೆಯು ನಿನ್ನೆ ಕಲಕಿದ್ದರೆ ಇಂದೂ ಕಲಕಿರುವ ಸಂಭವವು ಹೆಚ್ಚು. ಶಾಂತವಾಗಿದ್ದರೆ ಇಂದೂ ಶಾಂತಿಯೇ ಹೆಚ್ಚು ಸಂಭವನೀಯ. ಕಾಲಕ್ರಮದಲ್ಲಿ ಎಲ್ಲವೂ ಒಂದು ಸರಾಸರಿಗೆ ಮರಳುವುದು. ನಿನ್ನೆಯ ಅಲೆಯನ್ನು ಕಂಡು ಇಂದಿನ ಅಲೆಯನ್ನು ಊಹಿಸುವ ಈ ವಿದ್ಯೆಯು ನಿರರ್ಥಕವೆಂದು ನಾವು ಹೇಳುವವರಲ್ಲ.

ಆದರೆ ಅಲೆಯು ಕಡಲಾಚೆಯಿಂದ ಬಂದರೆ ಗತಿಯೇನು? 2013ನೆಯ ಇಸವಿ ಮೇ ತಿಂಗಳಲ್ಲಿ ಭಾರತ ಸರಕಾರವು ಶೇಕಡ 7.16ರ ಬಡ್ಡಿಯಂತೆ ಹತ್ತು ವರ್ಷದ ಪತ್ರವನ್ನು ಮಾರಿತು. ಅದೇ ತಿಂಗಳ 22ರಂದು ಅಮೆರಿಕದ ಫೆಡರಲ್ ರಿಸರ್ವಿನ ಅಧ್ಯಕ್ಷರಾಗಿದ್ದ ಬರ್ನಾಂಕೆಯವರು ತಮ್ಮ ಸಾಲಪತ್ರ ಖರೀದಿಯನ್ನು ತಗ್ಗಿಸುವ ಸೂಚನೆಯನ್ನಿತ್ತರು. ವಿದೇಶದ ಹಣವು ಹಿಂದಿರುಗಿತು, ರೂಪಾಯಿಯು ಕುಸಿಯಿತು. ಅದನ್ನು ರಕ್ಷಿಸಲು ಜುಲೈ 15ರಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳ ತುರ್ತು ಸಾಲದ ದರವನ್ನು ಶೇಕಡ 8.25ರಿಂದ 10.25ಕ್ಕೆ ಏರಿಸಿತು. ಆಗಸ್ಟಿನಲ್ಲಿ ಪ್ರತಿಫಲದ ದರವು ಶೇಕಡ 9ನ್ನು ಮೀರಿತು. 100 ರೂಪಾಯಿ ಕೊಟ್ಟು ಕೊಂಡ ಪತ್ರವು 9ರ ದರದಲ್ಲಿ ಸುಮಾರು 88 ರೂಪಾಯಿ ಬಾಳುವುದು. ಮೇ ತಿಂಗಳ ಶಾಂತ ಲೆಕ್ಕದಲ್ಲಿ ಈ ನಷ್ಟದ ಸುಳಿವು ಎಲ್ಲಿತ್ತು?

ಇದಕ್ಕಿಂತಲೂ ಸೂಕ್ಷ್ಮವಾದ ದೋಷವು ಇನ್ನೊಂದುಂಟು. ನಮ್ಮಂತಹ ದೇಶದ ಸಾಲಪೇಟೆಯಲ್ಲಿ ಕಾಣುವ ಶಾಂತಿಯು ಅನೇಕ ವೇಳೆ ಸಹಜವಾದುದಲ್ಲ, ಮಾಡಿದ್ದು. ಠೇವಣಿಯ ಒಂದು ಪಾಲನ್ನು ಸರಕಾರದ ಪತ್ರಗಳಲ್ಲಿಡಬೇಕೆಂಬ ಕಟ್ಟಳೆಯು ಬ್ಯಾಂಕುಗಳ ಮೇಲಿದೆ. ವಾಯಿದೆಯವರೆಗೆ ಇಟ್ಟುಕೊಳ್ಳುವೆವೆಂದು ವಿಂಗಡಿಸಿದ ಪತ್ರಗಳಿಗೆ ಪ್ರತಿದಿನದ ಪೇಟೆಯ ಬೆಲೆಯನ್ನು ಕಟ್ಟಬೇಕಾಗಿಲ್ಲ. ಸಾಲದುದಕ್ಕೆ ರಿಸರ್ವ್ ಬ್ಯಾಂಕೇ ಕೊಳ್ಳುವವನಾಗಿ ಪೇಟೆಗೆ ಇಳಿಯುವುದುಂಟು. 2020-21ರಲ್ಲಿ ಹೀಗೆಯೇ ಹತ್ತು ವರ್ಷದ ದರವನ್ನು ಶೇಕಡ 6ರ ಆಸುಪಾಸಿನಲ್ಲಿ ಕಾಯಲಾಯಿತು. ಮಹಾವ್ಯಾಧಿಯ ಕಾಲದಲ್ಲಿ ಅದಕ್ಕೆ ಕಾರಣವಿದ್ದಿತು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಕಾಲದ ಅಂಕಿಗಳನ್ನು ಉಣಿಸಿದ ಮಾದರಿಯು ಕಟ್ಟೆಯೊಳಗಿನ ನೀರನ್ನು ಕಂಡು ಹೊಳೆಯೇ ನಿಶ್ಚಲವೆಂದು ಸಾರುವುದು. ಯುಕ್ರೇನಿನ ಯುದ್ಧ, ತೈಲದ ಬೆಲೆ, ಹಣದುಬ್ಬರಗಳು ಕೂಡಿಬಂದಾಗ, 2022ರ ಜೂನಿನಲ್ಲಿ, ಅದೇ ದರವು ಏಳೂವರೆಯನ್ನು ಮುಟ್ಟಿತು.

2024ರ ಜೂನ್ 28ರಿಂದ ನಮ್ಮ ಪತ್ರಗಳು ಜೆ. ಪಿ. ಮಾರ್ಗನ್ ಸಂಸ್ಥೆಯ ಸೂಚ್ಯಂಕದೊಳಗೆ ಸೇರತೊಡಗಿದುವು. ವಿದೇಶದ ಹಣಕ್ಕೆ ಇದರಿಂದ ದ್ವಾರವು ಅಗಲವಾಯಿತು. ಬಂದ ಬಾಗಿಲಿನಿಂದಲೇ ಅದು ಹೊರಡಲೂ ಬಹುದು.

ಈ ಪತ್ರಗಳಲ್ಲಿರುವುದು ಪಿಂಚಿಣಿದಾರರ, ನೌಕರರ ಹಾಗೂ ಸಹಕಾರಿ ಬ್ಯಾಂಕುಗಳ ಠೇವಣಿದಾರರ ಹಣ. ದರವು ಏರಿದಷ್ಟೂ ಹೊಸ ಸಾಲಕ್ಕೆ ಹೆಚ್ಚು ಬಡ್ಡಿ ತೆರಬೇಕಾದವನು ಕಂದಾಯ ಕೊಡುವ ಪ್ರಜೆಯೇ. ಆದುದರಿಂದ ಬ್ಯಾಂಕುಗಳ ಆಡಳಿತ ಮಂಡಲಿಗಳು ಮಾದರಿಯ ಉತ್ತರವನ್ನು ಕೇಳುವುದರ ಜತೆಗೆ, ಅದಕ್ಕೆ ಯಾವ ವರ್ಷಗಳ ಅಂಕಿಗಳನ್ನು ಕೊಟ್ಟಿರೆಂದೂ ಕೇಳಬೇಕು. 2013ರಂತಹ ಬೇಸಗೆಯು ಮರಳಿದರೆ ನಮ್ಮ ಬಂಡವಾಳವು ತಾಳುವುದೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಲೆಕ್ಕವು ಬುದ್ಧಿಗೆ ಊರುಗೋಲಾಗಲಿ. ಬುದ್ಧಿಯೇ ಲೆಕ್ಕಕ್ಕೆ ಅಡವಾಗುವುದು ಬೇಡ.