ಬಂಗಾರದಂಥಾ ಗಾಡಿ ಭಂಗಾರಕ್ಕ ಯಾಕ ಹಾಕ್ತೀರಿ?

ಅಕ್ಕಂದ್ರ್ಯಾ, ನಮ್ಮ ಬಸವಕಲ್ಯಾಣ, ಹುಮನಾಬಾದ ಕಡಿ ಹಳೀ ಮನಿಗೋಳ ಮುಂದ ಇನ್ನಾ ಅಲ್ಲೊಂದು ಇಲ್ಲೊಂದು ಫಿಯಟ್, ಪದ್ಮಿನಿ ಕಾರು ನಿಂತಾವ. ಮನಿ ಯಜಮಾನ ತೀರಿದ ಕೂಡ್ಲೇ ಮಂದಿ ಬರ್ತಾರ, “ಜಂಗ್ ಹತ್ಯಾದ, ತೂಕಕ್ಕ ಹಾಕ್ರಿ” ಅಂತಾರ. ನಂಬಬ್ಯಾಡ್ರಿ. ಇಂಜಿನ್ ಚಾಲೂ ಆಗ್ತದ, ತಳ ಗಟ್ಟಿ ಅದ, ಬರೀ ಬಾಗಿಲಕ್ಕ ಜಂಗ್, ಸೀಟ್ ಹರದಾವ, ಕಾರ್ಬುರೇಟರ್ ತೊಳೀಬೇಕು ಅಂದ್ರ ಅದು ಸಣ್ಣ ರಿಪೇರಿ. ಹರದ ಇಳಕಲ್ ಸೀರಿ ಯಾರರೆ ತೂಕಕ್ಕ ಮಾರ್ತಾರೇನು?

50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಿ ಸರ್ಕಾರನೇ 2021ರಾಗ ‘ವಿಂಟೇಜ್’ ಅಂತ ಬ್ಯಾರೆ ನೋಂದಣಿ ತಂದದ. ಹೊಸ ನೋಂದಣಿಗಿ 20,000 ರೂಪಾಯಿ ಫೀ. ದಿನಾ ಬಜಾರಕ್ಕ ಓಡಿಸ್ಲಿಕ್ಕ ಬರಲ್ಲ, ಖರೇ. ಆದ್ರ ಹಳೀ ಗಾಡಿ ಷೋಕಿ ಇದ್ದವರು ಹುಡುಕೊಂಡು ಬರ್ತಾರ. ಬರೀ ಕಬ್ಬಿಣ ಆಗಿದ್ರ ಇಷ್ಟು ಯಾಕ?

ಮೊದಲ ಫಾರಂ 31 ತುಂಬಿ ಗಾಡಿ ನಿಮ್ಮ ಹೆಸರಿಗಿ ಮಾಡ್ಕೋರಿ. ಮಾರುವಾಗ ತುಂಬಿದ 29, 30ಕ್ಕ ಸಹಿ ಮಾಡ್ರಿ, ಖಾಲಿ ಕಾಗದಕ್ಕಲ್ಲ. ಜಂಗ್ ಮ್ಯಾಗ ಬಣ್ಣ ಬಳೀಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳ್ರಿ, ಬೆಲಿ ಗಟ್ಟಿಯಾಗಿ ಕೇಳ್ರಿ.

ಚಿತ್ತೋಡದ ರಾಣಿ ಹೆಸರಿನ ಗಾಡಿ ಅದು. ಅದರ ಬೆಲಿ ಹೇಳ್ಲಿಕ್ಕ ಮನಿ ಹೆಣ್ಮಕ್ಕಳಿಗಿ ಬಾಯಿ ಇಲ್ಲೇನು?